ಬೆಳಕು ಹರಿಯುವವರೆಗೆ

ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದ ನಮ್ಮ ಕಾಲದ ಹೆಂಗಸರಿಗೆ ಆ ಊರಿನ ಮೊದಲ ನೆನಪು ವಿಧಾನಸೌಧವೂ ಅಲ್ಲ, ಲಾಲ್‌ಬಾಗೂ ಅಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದ ತಣ್ಣನೆಯ ಸಿಮೆಂಟು ಕಟ್ಟೆ. ಸಾಗರದಿಂದ ರಾತ್ರಿ ಒಂಬತ್ತಕ್ಕೆ ಹೊರಟ ಬಸ್ಸು ಬೆಳಗಿನ ಜಾವ ನಾಲ್ಕೂವರೆಗೆಲ್ಲ ಅಲ್ಲಿ ತಂದು ಇಳಿಸಿಬಿಡುತ್ತಿತ್ತು. ಇಷ್ಟು ಬೇಗ ಯಾಕಪ್ಪಾ ತಲುಪಿಸಿದೆ, ದಾರಿಯಲ್ಲಿ ಒಂದು ಟೈರಾದರೂ ಪಂಕ್ಚರಾಗಬಾರದಿತ್ತೇ ಎಂದು ಮನಸ್ಸಿನಲ್ಲೇ ಡ್ರೈವರನ್ನು ಬೈದುಕೊಂಡದ್ದೂ ಉಂಟು. ಏಕೆಂದರೆ ಅಷ್ಟು ಹೊತ್ತಿಗೆ ಇಳಿದ ಹೆಂಗಸು ಎಲ್ಲಿಗೂ ಹೋಗುವಂತಿರಲಿಲ್ಲ. ಗಂಡಸರು ಸೂಟ್‌ಕೇಸು ಎತ್ತಿಕೊಂಡು ಆಟೋದವರೊಡನೆ ಎರಡು ಮಾತು ಜಗಳವಾಡಿ ಹೊರಟುಹೋಗುತ್ತಿದ್ದರು. ನಾವು ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆವು. ಪಕ್ಕದಲ್ಲಿ ಕೂತವಳು ಹುಬ್ಬಳ್ಳಿಯವಳಿರಲಿ, ಕುಂದಾಪುರದವಳಿರಲಿ, ಮಾತು ಒಂದೇ. "ಬೆಳಕು ಹರೀಲಿ, ಆಮೇಲೆ ಹೋದರಾಯ್ತು."

1996ರಲ್ಲಿ ಕೆಲಸದ ಸಂಬಂಧವಾಗಿ ನನ್ನ ಬಿ.ಎ., ಬಿ.ಎಡ್. ಮೂಲ ಪ್ರಮಾಣಪತ್ರಗಳನ್ನು ತೋರಿಸಬೇಕಾಗಿ ಬಂದು ಒಬ್ಬಳೇ ಹೋಗಿದ್ದೆ. ಒಬ್ಬಳೇ ಎಂದರೆ ಎರಡು ವರ್ಷದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು. ನಮ್ಮವರಿಗೆ ರಜೆ ಸಿಕ್ಕಿರಲಿಲ್ಲ. ಅಕ್ಕನ ಮನೆ ರಾಜಾಜಿನಗರದಲ್ಲಿ. ಮೆಜೆಸ್ಟಿಕ್ಕಿನಿಂದ ನಾಲ್ಕು ಕಿಲೋಮೀಟರು. ಹಗಲಾಗಿದ್ದರೆ ಬಸ್ಸಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವುದರೊಳಗೆ ಬಂದುಬಿಡುವಷ್ಟು ದೂರ. ಆ ದಿನ ಚಳಿ ಬಹಳವಿತ್ತು, ಮಗುವಿಗೆ ಮೈ ಬೆಚ್ಚಗಿತ್ತು. ಧೈರ್ಯ ಮಾಡಿ ಆಟೋ ಕೇಳಲು ಹೋದೆ. ಮೀಟರಿನ ಮೇಲೆ ಒಂದೂವರೆ ಪಟ್ಟು ಕೊಟ್ಟರೂ ಇಪ್ಪತ್ತೈದು ದಾಟದ ದಾರಿಗೆ ಒಬ್ಬ ಎಂಬತ್ತು ಎಂದ. ಇನ್ನೊಬ್ಬ ಏನೂ ಹೇಳದೆ ನನ್ನ ಹಿಂದೆ ಯಾರಾದರೂ ಗಂಡಸರು ಬರುತ್ತಿದ್ದಾರೋ ಎಂದು ಇಣುಕಿ ನೋಡಿದ. ಯಾರೂ ಇಲ್ಲವೆಂದು ತಿಳಿದ ಮೇಲೆ, "ಕೂತ್ಕೊಳ್ಳಿ, ರೇಟು ಆಮೇಲೆ ನೋಡೋಣ" ಎಂದ.

ಅವನು ಬಹಳ ಒಳ್ಳೆಯವನೇ ಇದ್ದಿರಬಹುದು. ನನಗೆ ಮಾತ್ರ ಆ "ಆಮೇಲೆ" ಎನ್ನುವ ಮಾತು ಕೇಳಿ ಕಾಲು ನಡುಗಿತು. ತಿರುಗಿ ಬಂದು ಕಟ್ಟೆಯ ಮೇಲೆ ಕೂತೆ. ಆರೂಕಾಲರವರೆಗೆ, ಮೈ ಸುಡುತ್ತಿದ್ದ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಎದುರಿನ ಗಡಿಯಾರ ನೋಡುತ್ತ ಕೂತಿದ್ದೆ. ಬೆಳಕು ಹರಿದ ಮೇಲೆ ಹತ್ತಿದ ಆಟೋದ ನಂಬರನ್ನು ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದುಕೊಂಡೆ. ಅದು ನಮ್ಮಮ್ಮ ಕಲಿಸಿದ ಉಪಾಯ. ಏನಾದರೂ ಆದರೆ ಅಂಗೈ ಮೇಲಿನ ನಂಬರು ಯಾರಿಗಾದರೂ ಸಿಕ್ಕೀತು ಎಂಬ ಲೆಕ್ಕ. ಏನಾದರೂ ಆದ ಮೇಲೆ ನಂಬರು ಸಿಕ್ಕಿ ಏನು ಪ್ರಯೋಜನ ಎಂದು ನಾವಿಬ್ಬರೂ ಯಾವತ್ತೂ ಮಾತಾಡಿಕೊಂಡಿರಲಿಲ್ಲ.

ಬೆಂಗಳೂರು ದೊಡ್ಡ ಊರು, ಅಲ್ಲಿ ಹಾಗೆ. ನಮ್ಮೂರಿನಲ್ಲಿ ಹಾಗಿಲ್ಲ ಎಂದು ಆಗೆಲ್ಲ ನಾನು ಹೆಮ್ಮೆಪಡುತ್ತಿದ್ದೆ. ಆ ಹೆಮ್ಮೆಗೆ ಕಾರಣವೂ ಇತ್ತು. 1994ರ ಬೇಸಿಗೆಯಲ್ಲಿ ಈ ಮಗಳನ್ನು ಹೆರಲು ತವರಿಗೆ ಬಂದಿದ್ದೆ. ಒಂಬತ್ತನೆಯ ತಿಂಗಳಲ್ಲಿ ಒಂದು ರಾತ್ರಿ ಹನ್ನೆರಡರ ಹೊತ್ತಿಗೆ ಇದ್ದಕ್ಕಿದ್ದಂತೆ ರಕ್ತ ಹೋಗಲು ಶುರುವಾಯಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಸಾಗರದಿಂದ ಶಿವಮೊಗ್ಗ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು. ನಮ್ಮ ಕೇರಿಯಲ್ಲಿ ಯಾರಿಗೂ ಕಾರಿರಲಿಲ್ಲ. ನಮ್ಮಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಸೈಕಲ್ ತುಳಿದುಕೊಂಡು ಹೋಗಿ ಟ್ಯಾಕ್ಸಿಯವರ ಮನೆ ಬಾಗಿಲು ತಟ್ಟಿದರಂತೆ. ಹತ್ತೇ ನಿಮಿಷದಲ್ಲಿ ಹಳದಿ ತಲೆಯ ಕರೀ ಅಂಬಾಸಡರ್ ನಮ್ಮ ಬಾಗಿಲಲ್ಲಿತ್ತು. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಆನಂದಪುರ ದಾಟಿತು, ಕುಂಸಿ ದಾಟಿತು, ಆಯನೂರು ಬಂತು ಎಂದು ಅಮ್ಮ ಪಾರಾಯಣದ ಹಾಗೆ ಹೇಳುತ್ತಿದ್ದದ್ದು ಇವತ್ತಿಗೂ ಕಿವಿಯಲ್ಲಿದೆ. ಬಾಡಿಗೆ ಎಷ್ಟು ಎಂದು ಕೇಳಿದರೆ ಆ ಪುಣ್ಯಾತ್ಮ, "ಗುಮಾಸ್ತರ ಮಗಳು ಅಂದ್ರೆ ನಮ್ಮನೆ ಮಗಳಿದ್ದ ಹಾಗೆ. ಪೆಟ್ರೋಲ್ ದುಡ್ಡು ಕೊಡಿ ಸಾಕು" ಎಂದರಂತೆ. ನಾನೂ ಮಗುವೂ ಉಳಿದೆವು. ಈ ಕಥೆಯನ್ನು ನಮ್ಮ ಮನೆಯಲ್ಲಿ ನೂರು ಸಲ ಹೇಳಿದ್ದೇವೆ.

ಹೇಳದ ಇನ್ನೊಂದು ಕಥೆಯೂ ಇದೆ.

ಅದೇ ವರ್ಷದ ಮಳೆಗಾಲ. ನಾನಿನ್ನೂ ಬಾಣಂತಿ ಕೋಣೆಯಲ್ಲಿದ್ದೆ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸೊಬ್ಬಳಿದ್ದಳು. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವಳು. ಆದರೂ ನಾವು ಮಕ್ಕಳೆಲ್ಲ ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದೆವು. ರಾತ್ರಿ ಒಂದು ಗಂಟೆಯ ಹೊತ್ತಿಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದು ಹಿತ್ತಲ ಬಾಗಿಲು ತಟ್ಟಿದಳು. ಸೊಸೆಗೆ ನೋವು ಬಂದು ಸಂಜೆಯಿಂದ ಒದ್ದಾಡುತ್ತಿದ್ದಾಳೆ, ಮಗು ಅಡ್ಡ ತಿರುಗಿದೆಯಂತೆ, ಅಯ್ಯನೋರು ಒಂದು ಮಾತು ಹೇಳಿದರೆ ಟ್ಯಾಕ್ಸಿ ಬರುತ್ತದೆ ಎಂದಳು. ನಮ್ಮಪ್ಪ, "ನಾನು ಹೇಳಿದೆ ಅಂತ ಹೇಳು, ಬರ್ತಾನೆ" ಎಂದರು. ಹೊರಗೆ ಮಳೆ ಸುರಿಯುತ್ತಿತ್ತು. ಅಪ್ಪ ಸೈಕಲ್ ತೆಗೆಯಲಿಲ್ಲ.

ಅವಳು ಹೋಗಿ ಹೇಳಿದಳು. ನನ್ನನ್ನು ಹತ್ತು ನಿಮಿಷದಲ್ಲಿ ಹತ್ತಿಸಿಕೊಂಡು ಹೋದ ಅದೇ ಟ್ಯಾಕ್ಸಿಯವರು ಕಿಟಕಿಯಿಂದಲೇ, ಬ್ಯಾಟರಿ ಕೂತುಹೋಗಿದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂದರಂತೆ. ಇದ್ದರೂ ಇರಬಹುದು. ಆದರೆ ಬೆಳಿಗ್ಗೆ ಎಂಟಕ್ಕೆ ಆ ಗಾಡಿ ಮದುವೆ ದಿಬ್ಬಣಕ್ಕೆ ಹೋದದ್ದನ್ನು ಇಡೀ ಬೀದಿ ನೋಡಿತ್ತು. ಅವರ ಕೇರಿಯವರೆಲ್ಲ ಸೇರಿ ಬೆಳಕು ಹರಿಯುವವರೆಗೆ ಕಾದು, ಮೊದಲನೆಯ ಬಸ್ಸಿಗೆ ಆ ಹುಡುಗಿಯನ್ನು ಹೊತ್ತು ತಂದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ನಾಲ್ಕು ದಿನ ಬಿಟ್ಟು ಅವಳು ಮತ್ತೆ ನಮ್ಮ ಪಾತ್ರೆ ತೊಳೆಯಲು ಬಂದಾಗ ಅಮ್ಮ ಕಾಫಿ ಕೊಟ್ಟು ಸಮಾಧಾನ ಹೇಳಿದರು. ನಮ್ಮಪ್ಪ ಕೆಟ್ಟವರಲ್ಲ; ಅವಳಿಗೆ ಆಸ್ಪತ್ರೆ ಖರ್ಚಿಗೆ ದುಡ್ಡೂ ಕೊಟ್ಟರು. ನಾನೂ ಬೆಚ್ಚಗೆ ಮಲಗಿ ಅಷ್ಟನ್ನೂ ಕೇಳಿಸಿಕೊಂಡವಳೇ. ಆಗ ನನಗೆ ಟ್ಯಾಕ್ಸಿಯವರ ಮೇಲೆ ಸ್ವಲ್ಪ ಸಿಟ್ಟು ಬಂದಿತ್ತೇ ಹೊರತು ಬೇರೆ ಏನೂ ಹೊಳೆಯಲಿಲ್ಲ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ಮೊಬೈಲಿನಲ್ಲಿ ಕಾರು ಕರೆಸುವ ಈ ಹೊಸ ಪದ್ಧತಿಯ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ಆಗಾಗ ಚರ್ಚೆಯಾಗುತ್ತದೆ. "ಹಿಂದಿನ ಟ್ಯಾಕ್ಸಿಯೋರು ಹೇಗಿದ್ರು, ಮನೆ ಜನದ ಹಾಗಿದ್ರು. ಈಗ ಬರೋನು ಯಾರು ಎತ್ತ ಅಂತಲೇ ಗೊತ್ತಿರೋಲ್ಲ" ಎಂದು ಯಾರಾದರೂ ನಿಟ್ಟುಸಿರು ಬಿಟ್ಟಾಗ ನನಗೆ ಆ ಎರಡು ರಾತ್ರಿಗಳೂ ಒಟ್ಟಿಗೇ ನೆನಪಾಗುತ್ತವೆ. ಮನೆ ಜನದ ಹಾಗಿದ್ದರು, ನಿಜ. ಯಾರ ಮನೆಯ ಜನದ ಹಾಗೆ?

ಓಲಾ ಎನ್ನುವುದು 2010ರಲ್ಲಿ ಮುಂಬೈಯಲ್ಲಿ ಹುಟ್ಟಿ ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿತು. ಅಮೆರಿಕದ ಉಬರ್ 2013ರಲ್ಲಿ ಭಾರತದಲ್ಲಿ ಮೊದಲು ಕಾಲಿಟ್ಟದ್ದೂ ಬೆಂಗಳೂರಿನಲ್ಲೇ. ಅದರ ಮಾರನೆಯ ವರ್ಷ, 2014ರಲ್ಲಿ, ಅಂಬಾಸಡರ್ ಕಾರಿನ ತಯಾರಿಕೆ ನಿಂತಿತು. ನನ್ನ ಮೊಬೈಲಿನಲ್ಲಿ ಇದು ಬಂದದ್ದು 2017ರಲ್ಲಿ, ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಅವಳೇ ಹಾಕಿಕೊಟ್ಟು, ನಾನು ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ತಿದ್ದಿಸುವಂತೆ ಬೆರಳು ಹಿಡಿದು ತೋರಿಸಿದಳು. ಎಲ್ಲಿಂದ, ಎಲ್ಲಿಗೆ; ಇಷ್ಟು ದುಡ್ಡು; ಒತ್ತು. ಮೊದಲ ದಿನ ನಾನು ರಸ್ತೆಯ ಈ ಬದಿ ನಿಂತು, ಗುರುತಿನ ಗುಂಡುಸೂಜಿಯನ್ನು ಆ ಬದಿಗೆ ಚುಚ್ಚಿ, ಕಾರಿನವನೂ ನಾನೂ ಐದು ನಿಮಿಷ ಒಬ್ಬರಿಗೊಬ್ಬರು ಕೈಬೀಸಿಕೊಂಡೆವು. ಕೊನೆಗೆ ಅವನು, "ಅಲ್ಲೇ ಇರಿ ಮೇಡಂ, ದಾಟ್ಬೇಡಿ, ನಾನೇ ಸುತ್ಕೊಂಡು ಬರ್ತೀನಿ" ಎಂದ. ಹತ್ತಿ ಕೂತ ಮೇಲೆ ನಾಲ್ಕು ಅಂಕಿ ಹೇಳಿ ಎಂದಾಗ ನಾನು ಗಾಬರಿಯಲ್ಲಿ ಬ್ಯಾಂಕಿನ ಎ.ಟಿ.ಎಂ. ಗುಟ್ಟಿನ ಅಂಕಿಯನ್ನೇ ಹೇಳಿಬಿಟ್ಟೆ. ಮನೆಗೆ ಬಂದು ಮೊದಲು ಅದನ್ನು ಬದಲಾಯಿಸಬೇಕಾಯಿತು.

ಅಗ್ಗವೋ ತುಟ್ಟಿಯೋ ಎನ್ನುವ ಲೆಕ್ಕ ನನಗೆ ಅಷ್ಟು ಮುಖ್ಯವಲ್ಲ. ಮಳೆ ಬಂದಾಗ, ಆಫೀಸು ಬಿಡುವ ಹೊತ್ತಿನಲ್ಲಿ ಆ ಯಂತ್ರವೂ ಬೆಲೆ ಏರಿಸಿ ಕೂರುತ್ತದೆ. ನನಗೆ ದೊಡ್ಡದಾಗಿ ಕಂಡದ್ದು ಬೇರೆ. ನಾನು ಯಾರನ್ನೂ ಕೇಳಬೇಕಾಗಿಲ್ಲ. "ಬರ್ತೀರಾ?" ಎಂದು ಹಲ್ಲು ಕಿರಿಯಬೇಕಾಗಿಲ್ಲ. "ಎಷ್ಟು ಕೊಡ್ತೀರಿ?" ಎಂದು ಅವರು ತಲೆಯಿಂದ ಕಾಲಿನವರೆಗೆ ನೋಡುವಾಗ ಚೌಕಾಸಿ ಮಾಡುತ್ತ ನಿಲ್ಲಬೇಕಾಗಿಲ್ಲ. "ಆಮೇಲೆ ನೋಡೋಣ" ಎನ್ನುವ ಮಾತು ಇಲ್ಲ. ಹತ್ತುವ ಮೊದಲೇ ಮೊತ್ತ ಕಣ್ಣೆದುರಿಗಿರುತ್ತದೆ. ಚಾಲಕನ ಹೆಸರು, ಫೋಟೋ, ಗಾಡಿಯ ನಂಬರು ಎಲ್ಲ ಇರುತ್ತದೆ. ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ ನಂಬರನ್ನು ಈಗ ಒಂದು ಗುಂಡಿ ಒತ್ತಿ ಮಗಳಿಗೆ ಕಳಿಸಬಹುದು. ನಾನು ಯಾವ ರಸ್ತೆಯಲ್ಲಿದ್ದೇನೆಂದು ಅವಳು ತನ್ನ ಮನೆಯಲ್ಲಿ ಕೂತೇ ನೋಡುತ್ತಿರುತ್ತಾಳೆ. ಏನಾದರೂ ಆದ ಮೇಲೆ ತಿಳಿಯುವುದಕ್ಕೂ ಆಗುವ ಮೊದಲೇ ಒಬ್ಬರ ಕಣ್ಣು ಮೇಲಿರುವುದಕ್ಕೂ ವ್ಯತ್ಯಾಸವಿದೆಯಲ್ಲವೇ?

ಈಗ ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ಹೋಗುತ್ತೇನೆ. ಅದೂ ಕತ್ತಲಿರುವಾಗಲೇ ಬೆಂಗಳೂರಿಗೆ ತಲುಪುತ್ತದೆ. ಮೊದಲ ಸಲ ಆ ಹೊತ್ತಿನಲ್ಲಿ ಇಳಿದು, ಕಾರು ಕರೆಸಿ, ಐದು ಗಂಟೆಗೆಲ್ಲ ಮಗಳ ಮನೆಯ ಗಂಟೆ ಒತ್ತಿದಾಗ ಅವಳು, "ಇಷ್ಟು ಬೇಗ ಬಂದ್ಯಾ?" ಎಂದು ಆಕಳಿಸುತ್ತ ಬಾಗಿಲು ತೆಗೆದಳು. ಅವಳಿಗೆ ಅದೇನೂ ವಿಶೇಷವಲ್ಲ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಕಾಫಿ ಹಿಡಿದುಕೊಂಡು, ಬೆಳಕು ಹರಿಯುವುದನ್ನು ಒಳಗಿನಿಂದ ನೋಡಿದೆ.

ನಮ್ಮವರಿಗೆ ಈ ವಿಷಯದಲ್ಲಿ ಸಣ್ಣ ಅಸಮಾಧಾನವಿದೆ. ಅವರು ಚೌಕಾಸಿಯಲ್ಲಿ ನಿಪುಣರು. ಐವತ್ತು ಹೇಳಿದ್ದನ್ನು ಮೂವತ್ತಕ್ಕೆ ಇಳಿಸಿದರೆ ಅವರಿಗೆ ಆ ದಿನ ಊಟ ರುಚಿಸುತ್ತದೆ. "ನಿನ್ನ ಜೊತೆ ಬರೋಕೆ ನಾನು ಬೇಡವೇ ಬೇಡ ಅಂತಾಯ್ತು" ಎಂದು ಒಮ್ಮೆ ನಗುತ್ತಲೇ ಅಂದರು. ನಾನೂ ನಗುತ್ತಲೇ ಹೌದು ಅಂದೆ.

ಇನ್ನೊಂದು ಅನುಕೂಲ ನನಗೆ ತಡವಾಗಿ ತಿಳಿಯಿತು. ನಿವೃತ್ತರಾದ ನಮ್ಮ ಸಹೋದ್ಯೋಗಿಯೊಬ್ಬರು ಕಣ್ಣಿನ ಚಿಕಿತ್ಸೆಗೆ ಬೆಂಗಳೂರಿಗೆ ಹೋಗಿದ್ದರು. ಗಂಡ ಇಲ್ಲ, ಮಕ್ಕಳು ಪರದೇಶದಲ್ಲಿ. ಕಣ್ಣಿಗೆ ಔಷಧಿ ಬಿಟ್ಟು ಮೊಬೈಲಿನ ಅಕ್ಷರ ಕಾಣುತ್ತಿರಲಿಲ್ಲ. ಆಸ್ಪತ್ರೆಯ ಬಾಗಿಲಿನಿಂದ ನನಗೆ ಫೋನ್ ಮಾಡಿದರು. ನಾನು ಸಾಗರದಲ್ಲಿ ಕೂತು ಅವರಿಗೆ ಗಾಡಿ ಕರೆಸಿದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಮೊಬೈಲಿನ ನಕ್ಷೆಯಲ್ಲಿ ಬೆಲ್ಲದ ಚೂರಿನ ಹಿಂದೆ ಹೋಗುವ ಇರುವೆಯಂತೆ ಒಂದು ಪುಟ್ಟ ಕಾರು ಮೆಲ್ಲಗೆ ಸರಿಯುತ್ತಿತ್ತು. ಅವರು ತಂಗಿಯ ಮನೆ ಸೇರುವವರೆಗೆ ನಾನು ಒಗ್ಗರಣೆ ಹಾಕಲಿಲ್ಲ.

ಹಾಗೆಂದು ಕಣ್ಣುಮುಚ್ಚಿ ನಂಬುವ ಕಾಲವೇನೂ ಬಂದಿಲ್ಲ. 2014ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಹೀಗೆ ಕರೆಸಿದ ಕಾರಿನಲ್ಲೇ ಒಬ್ಬ ಹೆಣ್ಣುಮಗಳ ಮೇಲೆ ಚಾಲಕ ಅತ್ಯಾಚಾರ ಮಾಡಿದ. ಅವನ ಮೇಲೆ ಹಿಂದೆಯೂ ಆರೋಪಗಳಿದ್ದುವು. ಯಾರೂ ಸರಿಯಾಗಿ ವಿಚಾರಿಸಿರಲಿಲ್ಲ. ಮರುವರ್ಷ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅಪಾಯದ ಗುಂಡಿ, ಚಾಲಕನ ಹಿನ್ನೆಲೆಯ ಪರಿಶೀಲನೆ ಇವುಗಳ ಬಗ್ಗೆ ಕಂಪನಿಗಳು ಗಟ್ಟಿಯಾಗಿ ಯೋಚಿಸಿದ್ದು ಆ ಹುಡುಗಿ ಅಷ್ಟು ಅನುಭವಿಸಿದ ಮೇಲೆ. ನಮ್ಮ ರಾಜ್ಯದಲ್ಲಿ ಇಂಥ ಕಂಪನಿಗಳಿಗೆಂದೇ ನಿಯಮಗಳು ಬಂದದ್ದು 2016ರಲ್ಲಿ. ಮೊಬೈಲಿನಲ್ಲಿ ತೋರಿಸಿದ ನಂಬರಿಗೂ ಬಂದು ನಿಂತ ಗಾಡಿಯ ನಂಬರಿಗೂ ತಾಳೆ ನೋಡದೆ ನಾನು ಇವತ್ತಿಗೂ ಹತ್ತುವುದಿಲ್ಲ. ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದವಳ ಅಭ್ಯಾಸ.

2024ರ ಜುಲೈ ತಿಂಗಳಿನ ಒಂದು ರಾತ್ರಿಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಮಗಳ ಹೆರಿಗೆಗೆಂದು ನಾನು ಬೆಂಗಳೂರಿನಲ್ಲಿದ್ದೆ. ಕೊಟ್ಟ ದಿನಕ್ಕೆ ಇನ್ನೂ ಹನ್ನೆರಡು ದಿನವಿತ್ತು; ಅಳಿಯ ಆಫೀಸಿನ ಕೆಲಸಕ್ಕೆ ಪುಣೆಗೆ ಹೋಗಿದ್ದರು. ರಾತ್ರಿ ಎರಡೂ ಮುಕ್ಕಾಲಿಗೆ ಮಗಳು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. "ಅಮ್ಮಾ, ನೀರು ಹೋಯ್ತು." ಹೊಟ್ಟೆಯಲ್ಲಿ ಒಂದು ಕ್ಷಣ ಮೂವತ್ತು ವರ್ಷದ ಹಿಂದಿನ ತಣ್ಣನೆಯ ಭಯ. ಆಸ್ಪತ್ರೆ ಆರು ಕಿಲೋಮೀಟರು. ಅಕ್ಕಪಕ್ಕದ ಫ್ಲ್ಯಾಟಿನವರ ಹೆಸರೂ ನನಗೆ ಗೊತ್ತಿರಲಿಲ್ಲ. ನನ್ನ ಅಪ್ಪ ಯಾರು, ನಮ್ಮವರು ಯಾರು ಎಂದು ಆ ಬೀದಿಯಲ್ಲಿ ಒಂದು ನಾಯಿಗೂ ಗೊತ್ತಿಲ್ಲ.

ಮೊಬೈಲು ಒತ್ತಿದೆ. ಒಬ್ಬ ಒಪ್ಪಿಕೊಂಡ, ಫೋನ್ ಮಾಡಿ ಎಲ್ಲಿಗೆಂದು ಕೇಳಿದ, ರದ್ದು ಮಾಡಿದ. ಕೈ ನಡುಗುತ್ತಿತ್ತು. ಇನ್ನೈದು ನಿಮಿಷದಲ್ಲಿ ಯಾರೂ ಸಿಗದಿದ್ದರೆ 108ಕ್ಕೆ ಮಾಡೋಣ ಎಂದುಕೊಂಡು ಮತ್ತೆ ಒತ್ತಿದೆ. ಇನ್ನೊಬ್ಬ ಒಪ್ಪಿಕೊಂಡ. ಎಂಟು ನಿಮಿಷ ಎಂದು ತೋರಿಸಿತು, ಏಳಕ್ಕೇ ಬಂದ. ಇಪ್ಪತ್ತೈದೋ ಇಪ್ಪತ್ತಾರೋ ವಯಸ್ಸಿನ ಹುಡುಗ. ಮಾತಿನಲ್ಲಿ ರಾಯಚೂರು ಕಡೆಯವನೆಂದು ಗೊತ್ತಾಗುತ್ತಿತ್ತು. ಮಗಳ ಹೊಟ್ಟೆ ನೋಡಿದವನೇ ಇಳಿದು ಬಂದು ಮುಂದಿನ ಸೀಟನ್ನು ಮುಂದಕ್ಕೆ ಎಳೆದು ಕಾಲಿಗೆ ಜಾಗ ಮಾಡಿಕೊಟ್ಟ. ನಮ್ಮನ್ನು ಯಾರು, ಎತ್ತ, ಗಂಡಸರು ಯಾರೂ ಇಲ್ಲವಾ ಎಂದು ಒಂದು ಮಾತು ಕೇಳಲಿಲ್ಲ. ನಾಲ್ಕು ಅಂಕಿ ಕೇಳಿದ, ಹೊರಟ. ದಾರಿಯುದ್ದಕ್ಕೂ ಅವನ ಬಾಯಿಂದ ಬಂದದ್ದು ಒಂದೇ ಮಾತು: "ಅಕ್ಕಾರ, ಹಂಪ್ ಬಂತ್ರೀ, ಗಟ್ಟಿ ಹಿಡ್ಕೋರಿ." ಒಂಬತ್ತು ಹಂಪುಗಳಿದ್ದುವು, ಒಂಬತ್ತು ಸಲ ಹೇಳಿದ.

ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿ ತಂದದ್ದೂ ಅವನೇ. ಮಗಳನ್ನು ಒಳಗೆ ಕಳಿಸಿ ನಾನು ಐನೂರರ ನೋಟು ಹಿಡಿದು ಹೊರಗೆ ಬರುವಷ್ಟರಲ್ಲಿ ಅವನಿಗೆ ಮುಂದಿನ ಕರೆ ಬಂದು ಹೊರಟುಹೋಗಿದ್ದ. ಬಾಡಿಗೆ ಮೊಬೈಲಿನಿಂದಲೇ ಕಳೆದುಹೋಗಿತ್ತು; ನೂರ ತೊಂಬತ್ತು ರೂಪಾಯಿ ಚಿಲ್ಲರೆ. ಬೆಳಿಗ್ಗೆ ಐದೂವರೆಗೆ ಮೊಮ್ಮಗಳು ಹುಟ್ಟಿದಳು. ಆ ಹುಡುಗನಿಗೆ ಒಂದು ಮಾತು ತಿಳಿಸೋಣವೆಂದು ಆಮೇಲೆ ಫೋನ್ ಮಾಡಿದರೆ ಹೋಗಲಿಲ್ಲ. ಪ್ರಯಾಣ ಮುಗಿದ ಮೇಲೆ ಆ ನಂಬರು ಕೆಲಸ ಮಾಡುವುದಿಲ್ಲವಂತೆ. ಇಬ್ಬರ ನಂಬರೂ ಒಬ್ಬರಿಗೊಬ್ಬರಿಗೆ ತಿಳಿಯದ ಹಾಗೆ ನಡುವೆ ಇನ್ನೊಂದು ನಂಬರು ಇಟ್ಟಿರುತ್ತಾರೆ. ಹೆಣ್ಣುಮಕ್ಕಳ ನಂಬರು ಕಂಡಕಂಡವರ ಕೈಗೆ ಸಿಗಬಾರದೆಂದು ಮಾಡಿದ್ದು, ಒಳ್ಳೆಯದೇ. ಆದರೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದವರಿಗೆ ಅಮ್ಮ ಮಗುವಿನ ನಾಮಕರಣದ ದಿನ ಪಂಚೆ ಶಲ್ಯ ಕೊಟ್ಟು ಊಟ ಬಡಿಸಿದ್ದರು. ಈ ಹುಡುಗನಿಗೆ ನಾನು ಮಾಡಲು ಸಾಧ್ಯವಾದದ್ದು ಐದು ನಕ್ಷತ್ರ ಒತ್ತುವುದು. ಮೂವತ್ತು ವರ್ಷ ಮಕ್ಕಳಿಗೆ ಅಂಕ ಹಾಕಿದ್ದೇನೆ. ಅಂಕ ಹಾಕಿ ಇಷ್ಟು ಸಣ್ಣವಳಾದದ್ದು ಅವತ್ತೇ.

ಈ ಗಾಡಿ ಓಡಿಸುವವರ ಕಷ್ಟವೂ ಕಡಿಮೆಯದಲ್ಲ. ಹಗಲಿನಲ್ಲಿ ಹೋಗುವಾಗ ನಾನು ಮಾತಾಡಿಸುತ್ತೇನೆ. ಮೇಷ್ಟ್ರಿಗೆ ಬಾಯಿ ಸುಮ್ಮನಿರುವುದಿಲ್ಲ. ನಾವು ನೂರು ಕೊಟ್ಟರೆ ಇಪ್ಪತ್ತಕ್ಕಿಂತ ಹೆಚ್ಚು ಕಂಪನಿಯೇ ಹಿಡಿದುಕೊಳ್ಳುತ್ತಿತ್ತು ಎಂದು ಒಬ್ಬ ಆಟೋದವರು ಹೇಳಿದರು. ನಾವು ರದ್ದು ಮಾಡಿದರೆ ಪೆಟ್ರೋಲು ಅವರ ಕೈಯಿಂದ. ನಾವು ಸಿಟ್ಟಿನಲ್ಲಿ ಒಂದು ನಕ್ಷತ್ರ ಕೊಟ್ಟರೆ ಅವರ ಅನ್ನಕ್ಕೇ ಕಲ್ಲು. ಇದೇ ಕಾರಣಕ್ಕೆ ಬೆಂಗಳೂರಿನ ಆಟೋ ಚಾಲಕರ ಸಂಘದ ಜೊತೆಗೂಡಿ 2022ರ ನವೆಂಬರಿನಲ್ಲಿ 'ನಮ್ಮ ಯಾತ್ರಿ' ಎನ್ನುವುದು ಆರಂಭವಾಯಿತು. ಬಾಡಿಗೆಯಲ್ಲಿ ಪಾಲು ಕೇಳುವ ಬದಲು 2023ರಲ್ಲಿ ದಿನಕ್ಕೆ 25 ರೂಪಾಯಿಯಂತೆ ಶುಲ್ಕ ಇಟ್ಟರು, ಉಳಿದದ್ದು ಓಡಿಸಿದವನಿಗೆ. ಕನ್ನಡದಲ್ಲೇ ಇರುವುದರಿಂದ ನಮ್ಮ ಅತ್ತಿಗೆಗೂ ಅದನ್ನೇ ಹಾಕಿಕೊಟ್ಟೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು ಈಗ ಮಲ್ಲೇಶ್ವರದ ಮಾರ್ಕೆಟ್ಟಿಗೆ ಸೊಸೆಯನ್ನು ಕಾಯದೆ ಹೋಗಿಬರುತ್ತಾರೆ. ಸೊಸೆಗೂ ಅಷ್ಟೇ ಸಂತೋಷ.

ಸರ್ಕಾರವೂ ಆಗಾಗ ದರ ಗೊತ್ತುಮಾಡಿದೆ. 2024ರ ಫೆಬ್ರವರಿಯಲ್ಲಿ ಸಣ್ಣ ಟ್ಯಾಕ್ಸಿಗೆ ಮೊದಲ 4 ಕಿಲೋಮೀಟರಿಗೆ 100, ಆಮೇಲೆ ಕಿಲೋಮೀಟರಿಗೆ 24 ರೂಪಾಯಿ ಎಂದಾಯಿತು. ಬೆಂಗಳೂರಿನ ಆಟೋಗೆ 2025ರ ಆಗಸ್ಟಿನಿಂದ ಮೊದಲ 2 ಕಿಲೋಮೀಟರಿಗೆ 36, ಆಮೇಲೆ 18. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಬಿಟ್ಟುಹೋಯಿತೆಂದುಕೊಂಡ ಚೌಕಾಸಿ ಹಿತ್ತಲ ಬಾಗಿಲಿನಿಂದ ಮತ್ತೆ ಬಂದಿದೆ. ಇಪ್ಪತ್ತು ಸೇರಿಸಿದರೆ ಬೇಗ ಸಿಗುತ್ತದೆ, ಮೂವತ್ತು ಸೇರಿಸಿ ಎಂದು ಮೊಬೈಲೇ ಹಲ್ಲು ಕಿರಿಯುತ್ತದೆ. ಕೆಲಸ ಮುಗಿಯುವ ಮೊದಲೇ ಭಕ್ಷೀಸು ಕೇಳುವ ಈ ಸಂಪ್ರದಾಯದ ಬಗ್ಗೆ 2025ರ ಮೇ ತಿಂಗಳಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸನ್ನೂ ಕೊಟ್ಟಿತು. ಆದರೂ ಈ ಚೌಕಾಸಿಗೆ ಮುಖವಿಲ್ಲ, ಕಣ್ಣಿಲ್ಲ. ಮನೆಯೊಳಗೆ ನಿಂತು ಬೇಡ ಎಂದು ಒತ್ತಬಹುದು. ಕತ್ತಲಿನಲ್ಲಿ ನಿಂತು ಬೇಡ ಎನ್ನುವುದಕ್ಕಿಂತ ಅದು ಎಷ್ಟೋ ಸುಲಭ.

ನಮ್ಮೂರಿನಲ್ಲಿ ನಾನು ಈಗಲೂ ಆಟೋ ಕರೆಯುವುದು ಫೋನ್ ಮಾಡಿಯೇ. ನಮ್ಮ ಬೀದಿಯ ತುದಿಯ ಸ್ಟ್ಯಾಂಡಿನವರು ಟೀಚರಮ್ಮ ಎಂದರೆ ಬಂದುಬಿಡುತ್ತಾರೆ. ಅವರಲ್ಲಿ ಅರ್ಧ ಜನ ನನ್ನ ಹತ್ತಿರವೇ ಪಾಠ ಕಲಿತವರು. ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದಾಗ, ಊರಿಗೆಲ್ಲ ಆಟೋ ಸಿಗದ ಹೊತ್ತಿನಲ್ಲೂ ನನಗೆ ಸಿಗುತ್ತದೆ. ಸಿಕ್ಕಿದಾಗ ಸಂತೋಷವೇ. ಹತ್ತಿ ಕೂತ ಮೇಲೆ, ಕೈಹಿಡಿದ ಮಕ್ಕಳೊಡನೆ ಇನ್ನೂ ನಿಂತೇ ಇರುವ ಹೆಂಗಸರ ಕಡೆ ನೋಡಲು ಮಾತ್ರ ಕಷ್ಟವಾಗುತ್ತದೆ.

ಪಾತ್ರೆ ತೊಳೆಯುತ್ತಿದ್ದವಳ ಕೇರಿಗೆ ಗಾಡಿ ತಂದದ್ದು ಈ ಮೊಬೈಲು ಟ್ಯಾಕ್ಸಿಯಲ್ಲ, ಅದನ್ನೂ ಹೇಳಬೇಕು. 2008ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ 108ರ ಆಂಬುಲೆನ್ಸು. ಮೊದಲ ಸಲ ಅದು ಅವರ ಕೇರಿಯೊಳಗೆ ತಿರುಗಿದಾಗ ಮಕ್ಕಳೆಲ್ಲ ಹಿಂದೆ ಓಡಿದ್ದನ್ನು ನಾನೇ ಕಂಡಿದ್ದೇನೆ. ಅಷ್ಟು ಹೊತ್ತಿಗೆ ಅವಳು ತೀರಿಕೊಂಡಿದ್ದಳು.

ಆ ಸೊಸೆಗೆ 1998ರಲ್ಲಿ ಇನ್ನೊಂದು ಹೆಣ್ಣುಮಗು ಹುಟ್ಟಿತು. ಅದು ನಮ್ಮ ಶಾಲೆಗೇ ಬಂತು, ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದಳು, ಗಣಿತದಲ್ಲಿ ಚುರುಕು. ನರ್ಸಿಂಗ್ ಓದಿ ಈಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ. ವಾರಕ್ಕೆ ಮೂರು ದಿನ ರಾತ್ರಿ ಪಾಳಿ. ನಾನು ಬಂದಿದ್ದೇನೆಂದು ತಿಳಿದು ಮೊಮ್ಮಗಳನ್ನು ನೋಡಲು ಒಂದು ಭಾನುವಾರ ಬಂದಳು. ಕೈಯಲ್ಲಿ ಮಗುವಿಗೊಂದು ಫ್ರಾಕು. ಬೇಡವೆಂದರೂ ಊಟವಾದ ಮೇಲೆ ಪಾತ್ರೆ ಎತ್ತಲು ಸಿಂಕಿನ ಹತ್ತಿರ ಹೋದಳು. ನಾನು ಕೈಹಿಡಿದು ಎಳೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದೆ. ಅವಳಿಗೆ ಯಾಕೆಂದು ಗೊತ್ತಾಗಲಿಲ್ಲ, ನಕ್ಕಳು.

ಹೊರಡುವಾಗ ರಾತ್ರಿ ಹತ್ತು ದಾಟಿತ್ತು. "ತಡಿ, ನಮ್ಮ ಅಳಿಯ ಬಿಟ್ಟುಬರ್ತಾರೆ. ಇಷ್ಟು ಹೊತ್ತಲ್ಲಿ ಒಬ್ಬಳೇ ಹೋಗ್ತೀಯಾ?" ಎಂದೆ.

"ಆಗ್ಲೇ ಬುಕ್ ಆಯ್ತು ಟೀಚರ್. ಎರಡು ನಿಮಿಷದಲ್ಲಿ ಬರುತ್ತೆ" ಎಂದಳು, ಚಪ್ಪಲಿ ಹಾಕಿಕೊಳ್ಳುತ್ತ.

ಗೇಟಿನ ಹತ್ತಿರ ಆಟೋ ಬಂದು ನಿಂತಿತು. ಅವಳು ಬಗ್ಗಿ ನಂಬರು ನೋಡಿದಳು. ನಾನೇ ಕಲಿಸಿದೆನೇನೋ ಎನ್ನುವ ಹಾಗೆ. ಹತ್ತಿ ಕೂತು ನಾಲ್ಕು ಅಂಕಿ ಹೇಳಿದಳು. ಚಾಲಕ ಅದನ್ನು ಒತ್ತಿಕೊಂಡು, ತಿರುಗಿಯೂ ನೋಡದೆ, ಗಾಡಿ ಹೊರಡಿಸಿದ. ಬೀದಿಯ ತಿರುವಿನವರೆಗೆ ಕೆಂಪು ದೀಪ ಕಾಣುತ್ತಿತ್ತು. ನಾನು ಒಳಗೆ ಬಂದು, ಫೋನಿನ ಪಕ್ಕದಲ್ಲಿದ್ದ ಬಾಲ್‌ಪೆನ್ನು ತೆಗೆದು, ಮರೆಯುವ ಮೊದಲು ಆಟೋದ ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ. ಮಗಳು ನೋಡಿ, "ಅಮ್ಮಾ, ಅದೆಲ್ಲ ಫೋನಲ್ಲೇ ಇರುತ್ತೆ" ಎಂದಳು.

ಹತ್ತೂ ಐವತ್ತಕ್ಕೆ ಸಂದೇಶ ಬಂತು. "ತಲುಪಿದೆ ಟೀಚರ್." ಆಮೇಲೆ ಕೈ ತೊಳೆದುಕೊಂಡೆ.